ಪಾಠದ ಸಾರವೂ ರೂಢಿಯೂ: ಅಂಗವಿಕಲ ವಿದ್ಯಾರ್ಥಿ ಮತ್ತು ಅಧ್ಯಾಪಕನ ಹೊಣೆ

ಕಾಲೇಜಿನ ಅಧ್ಯಾಪಕನ ಕರ್ತವ್ಯವೇನೆಂಬ ಪ್ರಶ್ನೆಗೆ ಬೋಧನೆ, ಪರೀಕ್ಷಣ, ಸಂಶೋಧನೆ ಎಂಬ ಉತ್ತರ ಬಹುಕಾಲದಿಂದ ರೂಢಿಯಲ್ಲಿದೆ. ಕಣ್ಣು ಕಾಣದ, ಕಿವಿ ಕೇಳದ ಅಥವಾ ಕೈಯಿಂದ ಬರೆಯಲಾರದ ವಿದ್ಯಾರ್ಥಿಯೊಬ್ಬನು ತರಗತಿಗೆ ಬಂದು ಕುಳಿತಾಗ ಈ ಉತ್ತರವನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ. ಅಂಥವನಿಗೆ ಅನುಕೂಲ ಕಲ್ಪಿಸುವುದು ದಯೆಯೋ ಕರ್ತವ್ಯವೋ, ಕರ್ತವ್ಯವೇ ಆದಲ್ಲಿ ಅದರ ಎಲ್ಲೆ ಯಾವುದು ಎಂಬ ವಿಚಾರ ವಿಶದವಾಗಿ ಚರ್ಚೆಗೊಂಡುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ಅನುಸರಿಸಿ ನೋಡಿದರೆ ಭಾರತದ ಇಂದಿನ ಪ್ರಶ್ನೆಗಳ ಮೇಲೂ ಬೆಳಕು ಬೀಳುತ್ತದೆ.

ಈ ಚರಿತ್ರೆಯ ಆರಂಭದಲ್ಲಿ ಎದ್ದು ಕಾಣುವ ಹೆಸರು ಹೆಲನ್ ಕೆಲ್ಲರ್ ಅವರದು. ಶೈಶವದಲ್ಲಿಯೇ ದೃಷ್ಟಿ ಶ್ರವಣಗಳೆರಡನ್ನೂ ಕಳೆದುಕೊಂಡಿದ್ದ ಈಕೆ ರ‍್ಯಾಡ್‌ಕ್ಲಿಫ್ ಕಾಲೇಜನ್ನು ಸೇರುವ ಉದ್ದೇಶದಿಂದ ೧೮೯೬ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ನಗರದ ಶಾಲೆಯೊಂದಕ್ಕೆ ಸೇರಿದರು. ಆ ಶಾಲೆಯಲ್ಲಿ ಬೆರಳುಲಿಪಿಯನ್ನು ಕಲಿತು ಆಕೆಗೆ ನೇರವಾಗಿ ಪಾಠ ಹೇಳಲು ಮುಂದಾದವರು ಇಬ್ಬರೇ: ಮುಖ್ಯೋಪಾಧ್ಯಾಯ ಆರ್ಥರ್ ಗಿಲ್ಮನ್ ಮತ್ತು ಜರ್ಮನ್ ಭಾಷೆಯ ಅಧ್ಯಾಪಿಕೆ. ೧೮೯೭ರ ಪ್ರಾಥಮಿಕ ಪರೀಕ್ಷೆಯಲ್ಲಿ ಗಿಲ್ಮನ್ನರೇ ಪ್ರಶ್ನೆಪತ್ರಿಕೆಯನ್ನು ಆಕೆಯ ಅಂಗೈಮೇಲೆ ಅಕ್ಷರಾಕ್ಷರವಾಗಿ ತಿಳಿಸಿದರು. ಬೆರಳಚ್ಚು ಯಂತ್ರದ ಸದ್ದು ಇತರರಿಗೆ ಅಡ್ಡಿಯಾಗದಿರಲೆಂದು ಆಕೆಗೆ ಪ್ರತ್ಯೇಕ ಕೊಠಡಿಯನ್ನು ಕೊಡಲಾಗಿತ್ತು.

೧೮೯೯ರ ಅಂತಿಮ ಪ್ರವೇಶಪರೀಕ್ಷೆಯ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಆಕೆಯ ಗುರು ಆ್ಯನ್ ಸಲಿವನ್ ಪ್ರಶ್ನೆಗಳನ್ನು ಓದಿ ಹೇಳುವುದಕ್ಕೆ ಕಾಲೇಜು ಒಪ್ಪಲಿಲ್ಲ. ಪರ್ಕಿನ್ಸ್ ಅಂಧರ ಶಾಲೆಯ ಅಧ್ಯಾಪಕರೊಬ್ಬರಿಂದ ಪ್ರಶ್ನೆಪತ್ರಿಕೆಯನ್ನು ಅಮೆರಿಕನ್ ಬ್ರೈಲ್ ಲಿಪಿಗೆ ಇಳಿಸಲಾಯಿತು. ಕೆಲ್ಲರ್ ಬೀಜಗಣಿತವನ್ನು ಕಲಿತಿದ್ದುದಾದರೋ ಇಂಗ್ಲಿಷ್ ಬ್ರೈಲ್ ಸಂಕೇತಗಳಲ್ಲಿ. ಎರಡು ಪದ್ಧತಿಗಳ ಗಣಿತ ಸಂಕೇತಗಳು ಬೇರೆಯೆಂಬುದು ಬೆಳಕಿಗೆ ಬಂದುದು ಪರೀಕ್ಷೆಗೆ ಎರಡು ದಿನವಿದ್ದಾಗ. ಹೊಸ ಸಂಕೇತಗಳನ್ನು ಆತುರಾತುರವಾಗಿ ಕಲಿತು ಆಕೆ ಉತ್ತೀರ್ಣರಾದರು. ೧೯೦೦ರಲ್ಲಿ ಕಾಲೇಜು ಸೇರಿ ೧೯೦೪ರಲ್ಲಿ ಗೌರವಸಹಿತ ಪದವಿ ಪಡೆದರು. ಆಕೆಯ ಧೈರ್ಯವನ್ನು ಲೋಕವೆಲ್ಲ ಕೊಂಡಾಡಿದೆ. ಆದರೆ ಇತಿಹಾಸಕಾರನು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಆ ದಿನ ಪರೀಕ್ಷೆಗೆ ಒಳಗಾದದ್ದು ಆಕೆಯ ಬೀಜಗಣಿತವೋ, ಅಪರಿಚಿತ ಸಂಕೇತಗಳನ್ನು ಗುರುತಿಸುವ ಶಕ್ತಿಯೋ? ಪರೀಕ್ಷಕರಲ್ಲಿ ದ್ವೇಷವಿರಲಿಲ್ಲ. ತಾವು ಅಳೆಯಬೇಕಾದುದು ಏನೆಂಬ ವಿಚಾರವೂ ಇರಲಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಗಾಯಗೊಂಡ ಸೈನಿಕರು ಕಾಲೇಜುಗಳಿಗೆ ಬರತೊಡಗಿದರು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮೊತಿ ನ್ಯೂಜೆಂಟ್ ಅವರು ೧೯೪೮ರಲ್ಲಿ ಗಾಲಿಕುರ್ಚಿಯ ವಿದ್ಯಾರ್ಥಿಗಳಿಗಾಗಿ ವ್ಯವಸ್ಥಿತ ಕಾರ್ಯಕ್ರಮವೊಂದನ್ನು ಆರಂಭಿಸಿದರು. ೧೯೬೨ರಲ್ಲಿ ಪೋಲಿಯೋಪೀಡಿತರಾದ ಎಡ್ ರಾಬರ್ಟ್ಸ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿ, ಅಲ್ಲಿನ ಆಸ್ಪತ್ರೆಯ ಕೊಠಡಿಯಲ್ಲಿಯೇ ವಾಸಮಾಡುತ್ತ ವ್ಯಾಸಂಗ ನಡೆಸಿದರು. ಈ ಪ್ರಯತ್ನಗಳ ಗಮನ ಹೆಚ್ಚಾಗಿ ವಸತಿ, ಸಂಚಾರ, ಕಟ್ಟಡಗಳ ಕಡೆಗೆ ಇದ್ದಿತು. ಅಧ್ಯಾಪಕನ ಪಾಠಕ್ರಮದವರೆಗೆ ಕಾನೂನಿನ ಕೈ ಇನ್ನೂ ಚಾಚಿರಲಿಲ್ಲ.

ಅದು ಚಾಚಿದುದು ೧೯೭೩ರಲ್ಲಿ. ಆ ವರ್ಷದ ಪುನರ್ವಸತಿ ಕಾಯಿದೆಯ ೫೦೪ನೆಯ ಪ್ರಕರಣವು ಕೇಂದ್ರ ಸರ್ಕಾರದ ಧನಸಹಾಯ ಪಡೆಯುವ ಯಾವ ಕಾರ್ಯಕ್ರಮವೂ ಅರ್ಹನಾದ ಅಂಗವಿಕಲನನ್ನು ವೈಕಲ್ಯದ ಕಾರಣದಿಂದ ಹೊರಗಿಡಕೂಡದೆಂದು ಸಾರಿತು. ನಿಯಮಾವಳಿಯ ಪ್ರಕಟಣೆ ನಾಲ್ಕು ವರ್ಷ ತಡವಾಯಿತು. ಸ್ಯಾನ್‌ಫ್ರಾನ್ಸಿಸ್ಕೋ ನಗರದ ಸರ್ಕಾರಿ ಕಚೇರಿಯಲ್ಲಿ ಅಂಗವಿಕಲರು ವಾರಗಟ್ಟಲೆ ಧರಣಿ ಕುಳಿತ ಬಳಿಕ, ೧೯೭೭ರ ಏಪ್ರಿಲ್ ೨೮ರಂದು ಅದಕ್ಕೆ ಸಹಿ ಬಿದ್ದಿತು. ಅದರಲ್ಲಿ ಅಧ್ಯಾಪಕರಿಗೆ ನೇರವಾಗಿ ಸಂಬಂಧಿಸಿದ ಅಂಶಗಳಿದ್ದುವು: ಅಗತ್ಯವಿದ್ದಲ್ಲಿ ಪದವಿಯ ಅವಧಿಯನ್ನು ವಿಸ್ತರಿಸುವುದು, ನಿರ್ದಿಷ್ಟ ವಿಷಯವೊಂದಕ್ಕೆ ಬದಲಾಗಿ ಬೇರೊಂದನ್ನು ಒಪ್ಪುವುದು, ಬೋಧನೆಯ ರೀತಿಯನ್ನು ಮಾರ್ಪಡಿಸುವುದು, ತರಗತಿಯಲ್ಲಿ ಧ್ವನಿಮುದ್ರಣ ಯಂತ್ರವನ್ನಾಗಲಿ, ಅಂಧನಿಗೆ ದಾರಿ ತೋರುವ ನಾಯಿಯನ್ನಾಗಲಿ ನಿಷೇಧಿಸದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷೆಯು ವಿದ್ಯಾರ್ಥಿಯ ಸಿದ್ಧಿಯನ್ನು ಅಳೆಯಬೇಕೇ ಹೊರತು ಅವನ ಕುಂದಿದ ಇಂದ್ರಿಯಶಕ್ತಿಯನ್ನಲ್ಲವೆಂಬುದು. ೧೮೯೯ರಲ್ಲಿ ಯಾರೂ ಕೇಳದಿದ್ದ ಪ್ರಶ್ನೆಗೆ ಹೀಗೆ ಎಪ್ಪತ್ತೆಂಟು ವರ್ಷಗಳ ಅನಂತರ ನಿಯಮರೂಪದ ಉತ್ತರ ದೊರೆಯಿತು.

ಎಲ್ಲೆಯ ಪ್ರಶ್ನೆಯೂ ಕೂಡಲೇ ಎದ್ದಿತು. ೧೯೭೯ರಲ್ಲಿ ಉತ್ತರ ಕ್ಯಾರೊಲೈನಾದ ಕಾಲೇಜೊಂದು ಶ್ರವಣದೋಷವುಳ್ಳ ಮಹಿಳೆಗೆ ದಾದಿಯರ ಶಿಕ್ಷಣಕ್ಕೆ ಪ್ರವೇಶ ನಿರಾಕರಿಸಿದ ಮೊಕದ್ದಮೆಯಲ್ಲಿ, ಶಿಕ್ಷಣಕ್ರಮದ ಸ್ವರೂಪವನ್ನೇ ಮೂಲತಃ ಬದಲಿಸಬೇಕೆಂಬ ಕಡ್ಡಾಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹಾಗಾದರೆ ಮೂಲಸ್ವರೂಪ ಯಾವುದೆಂದು ನಿರ್ಧರಿಸುವವರು ಯಾರು? ಇದಕ್ಕೆ ಬೋಧಪ್ರದವಾದ ನಿದರ್ಶನ ಬಾಸ್ಟನ್ ವಿಶ್ವವಿದ್ಯಾಲಯದ ಪ್ರಕರಣ. ಕಲಿಕೆಯ ನ್ಯೂನತೆಯುಳ್ಳ ವಿದ್ಯಾರ್ಥಿಗಳಿಗೆ ವಿದೇಶಿ ಭಾಷೆಗೆ ಬದಲಾಗಿ ಬೇರೆ ವಿಷಯ ಕೊಡುವುದನ್ನು ವಿಶ್ವವಿದ್ಯಾಲಯ ನಿಲ್ಲಿಸಿದ್ದಿತು. ಅದರ ಅಧ್ಯಕ್ಷರು ಭಾಷಣದಲ್ಲಿ ಬಣ್ಣಿಸಿದ್ದ, ಪಾಠದ ನಡುವೆ ತೂಕಡಿಸಿ ರಿಯಾಯಿತಿ ಬೇಡುವ ವಿದ್ಯಾರ್ಥಿನಿಯು ಕೇವಲ ಕಲ್ಪಿತಳೆಂಬುದು ವಿಚಾರಣೆಯಲ್ಲಿ ಹೊರಬಿದ್ದಿತು. ೧೯೯೭ರಲ್ಲಿ ನ್ಯಾಯಾಲಯವು ಇಂಥ ಪೂರ್ವಗ್ರಹದ ಮೇಲೆ ನಿಂತ ನಿರ್ಧಾರ ಸಲ್ಲದೆಂದು, ಅಧ್ಯಾಪಕರು ಕುಳಿತು ವಿಚಾರಮಾಡಬೇಕೆಂದು ಆಜ್ಞಾಪಿಸಿತು. ಅಧ್ಯಾಪಕರ ಸಮಿತಿ ಚರ್ಚಿಸಿ, ಭಾಷಾಧ್ಯಯನವು ಆ ಪದವಿಗೆ ಮೂಲಭೂತವೆಂಬ ನಿರ್ಣಯಕ್ಕೇ ಬಂದಿತು. ೧೯೯೮ರಲ್ಲಿ ನ್ಯಾಯಾಲಯ ಅದನ್ನು ಮಾನ್ಯಮಾಡಿತು. ಫಲಿತಾಂಶ ಬದಲಾಗಲಿಲ್ಲವೆಂದು ಇದನ್ನು ವ್ಯರ್ಥವೆನ್ನಲಾಗದು. ಅಧ್ಯಾಪಕನ ಅಧಿಕಾರವನ್ನು ಕಾನೂನು ಗೌರವಿಸುತ್ತದೆ. ಆದರೆ ಆ ಗೌರವ ವಿಚಾರಕ್ಕೆ ಸಲ್ಲತಕ್ಕದ್ದು, ಅಭ್ಯಾಸಬಲಕ್ಕಲ್ಲ.

ಭಾರತದಲ್ಲಿ ಬ್ರೈಲ್ ಲಿಪಿಭೇದದ ತೊಡಕು ೧೯೫೧ರಲ್ಲಿ ಭಾರತಿ ಬ್ರೈಲ್ ರೂಪುಗೊಂಡಾಗ ನಿವಾರಣೆಯ ದಾರಿ ಹಿಡಿಯಿತು. ಕನ್ನಡಕ್ಕೂ ಹಿಂದಿಗೂ ಸಮಾನ ಚುಕ್ಕೆಗಳ ವ್ಯವಸ್ಥೆ ದೊರೆಯಿತು. ಕಾನೂನು ಬಂದುದು ೧೯೯೫ರಲ್ಲಿ. ಅದರ ಸ್ಥಾನದಲ್ಲಿ ಬಂದ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇಕಡ ೫ರಷ್ಟು ಸ್ಥಾನಗಳನ್ನು ಕಾದಿರಿಸಿತು. ಸಮಂಜಸ ಹೊಂದಾಣಿಕೆಯ ನಿರಾಕರಣೆಯನ್ನೇ ಭೇದಭಾವವೆಂದು ಅದು ಪರಿಗಣಿಸುತ್ತದೆ. ೨೦೨೧ರ ಫೆಬ್ರವರಿಯಲ್ಲಿ, ಬರೆಯುವಾಗ ಕೈ ಸೆಡೆತುಕೊಳ್ಳುವ ನಾಗರಿಕ ಸೇವಾ ಪರೀಕ್ಷಾರ್ಥಿಯೊಬ್ಬರ ಮೊಕದ್ದಮೆಯಲ್ಲಿ, ಬರಹಗಾರನ ನೆರವು ಶೇಕಡ ೪೦ರಷ್ಟು ವೈಕಲ್ಯವುಳ್ಳವರಿಗೆ ಮಾತ್ರ ಮೀಸಲಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಇದೇ ೨೦೧೬ರ ಕಾಯಿದೆಯ ೧೭ನೆಯ ಪ್ರಕರಣದಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಪಠ್ಯಕ್ರಮ ಮತ್ತು ಪರೀಕ್ಷೆಗಳಲ್ಲಿ ಮಾಡಬೇಕಾದ ಮಾರ್ಪಾಡುಗಳನ್ನು ಹೇಳುವಾಗ ಅದು ಹೆಚ್ಚುವರಿ ಸಮಯ ಹಾಗೂ ಬರಹಗಾರನ ಜೊತೆಗೆ, ಎರಡನೆಯ ಮತ್ತು ಮೂರನೆಯ ಭಾಷೆಗಳ ವಿನಾಯಿತಿಯನ್ನೂ ಹೆಸರಿಸುತ್ತದೆ. ಬಾಸ್ಟನ್ನಿನಲ್ಲಿ ಅಧ್ಯಾಪಕರ ವಿಚಾರಕ್ಕೆ ಬಿಟ್ಟ ವಿಷಯವನ್ನು ಭಾರತದ ಶಾಸನ ತಾನೇ ಮುಂದಾಗಿ ಹೇಳಿದೆ. ಅನೇಕರಿಗೆ ಈ ವಿನಾಯಿತಿ ಅತ್ಯಗತ್ಯವಾದದ್ದು, ನ್ಯಾಯವಾದದ್ದು. ಆದರೆ ಹೊರನಾಡಿನ ನಗರಗಳಲ್ಲಿ ಕನ್ನಡ ಬಹುಮಟ್ಟಿಗೆ ಎರಡನೆಯ ಅಥವಾ ಮೂರನೆಯ ಭಾಷೆಯಾಗಿಯೇ ಉಳಿದಿರುವಾಗ, ವಿನಾಯಿತಿ ಬರೆದುಕೊಡುವುದು ಸುಲಭ. ಬ್ರೈಲ್ ಪುಸ್ತಕವನ್ನೋ ಧ್ವನಿಪುಸ್ತಕವನ್ನೋ ಒದಗಿಸಿ ಪಾಠ ಹೇಳುವುದು ಶ್ರಮದ ಕೆಲಸ. ಕಲಿಯಬಯಸುವ ಅಂಧ ವಿದ್ಯಾರ್ಥಿಗೆ ಶ್ರಮದ ದಾರಿಯನ್ನು ತೋರಿಸದೆ ಸುಲಭದ ದಾರಿಯನ್ನೇ ತೋರಿಸಿದರೆ, ಅನುಕೂಲ ದೊರೆತದ್ದು ಅಧ್ಯಾಪಕನಿಗೆ. ವಿದ್ಯಾರ್ಥಿಯ ಪಾಲಿಗೆ ಒಂದು ಸಾಹಿತ್ಯವೇ ಮುಚ್ಚಿಹೋಗುತ್ತದೆ.

ಕಾನೂನು ದಯೆಯನ್ನು ಹಕ್ಕಾಗಿ ಮಾರ್ಪಡಿಸಿದೆ. ತನ್ನ ವಿಷಯದಲ್ಲಿ ಸಾರ ಯಾವುದು, ಬರಿಯ ರೂಢಿ ಯಾವುದು ಎಂಬ ವಿವೇಚನೆ ಮಾತ್ರ ಇಂದಿಗೂ ಅಧ್ಯಾಪಕನದೇ. ಬೆರಳುಲಿಪಿ ಕಲಿತ ಆ ಇಬ್ಬರು ಅಧ್ಯಾಪಕರನ್ನು ಯಾವ ಶಾಸನವೂ ಬಲಾತ್ಕರಿಸಿರಲಿಲ್ಲ. ಶಾಸನವಿರುವ ಕಾಲದ ಅಧ್ಯಾಪಕರು ಅವರಿಗಿಂತ ಕಡಿಮೆ ಮಾಡುವುದು ಸಮರ್ಥನೀಯವಲ್ಲ.