ಕ್ಯಾಟಲೀನಾ ಬೆಟ್ಟಗಳ ಋತುಜಲಪಾತಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದ ಅರಿಜೋನಾ ಪ್ರಾಂತದಲ್ಲಿ, ಟೂಸಾನ್ ನಗರದ ಉತ್ತರಕ್ಕೆ ಸೊನೋರ ಮರುಭೂಮಿಯ ಕಳ್ಳಿಗಾಡಿನಿಂದ ಒಮ್ಮೆಲೇ ಮೇಲೆದ್ದು 9,157 ಅಡಿಗಳ ಶಿಖರದವರೆಗೆ ಏರುವ ಸಾಂತಾ ಕ್ಯಾಟಲೀನಾ ಪರ್ವತಶ್ರೇಣಿಯಲ್ಲಿ ಜಲಪಾತಗಳುಂಟೆಂದರೆ, ಮೇ ತಿಂಗಳ ಬಿಸಿಲಿನಲ್ಲಿ ಅಲ್ಲಿಗೆ ಹೋಗಿಬಂದವನು ನಂಬಲಾರನು. ಅವನು ಕಂಡಿರುವುದು ಬೆಂದ ಬಂಡೆಯ ಮೇಲೆ ನೀರಿಳಿದ ಕರಿಯ ಕಲೆಯನ್ನು ಮಾತ್ರ. ಅದೇ ಬಂಡೆಯೆದುರು ಮಾರ್ಚಿನಲ್ಲಿಯೋ ಆಗಸ್ಟಿನಲ್ಲಿಯೋ ನಿಂತವನಿಗೆ ಪಕ್ಕದವನ ಮಾತು ಕೇಳಿಸದಷ್ಟು ನೀರಿನ ಮೊರೆತ. ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆಯಷ್ಟೇ ಕಾಣುವ ಆ ನಗರಕ್ಕೆ ಅದರಲ್ಲಿ ಅರ್ಧದಷ್ಟು ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಗುಡುಗುಮಳೆಯಿಂದ ಬರುತ್ತದೆ. ಅದನ್ನು ಅಲ್ಲಿಯವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಉಳಿದುದರಲ್ಲಿ ಹೆಚ್ಚಿನ ಪಾಲು ಶಾಂತಸಾಗರದ ಕಡೆಯಿಂದ ಬರುವ ಚಳಿಗಾಲದ ಸೋನೆ. ಅದು ಶಿಖರಗಳ ಮೇಲೆ ಹಿಮವಾಗಿ ಬಿದ್ದು, ವಸಂತದಲ್ಲಿ ಕರಗಿ ಕಣಿವೆಗಳಿಗೆ ಇಳಿಯುತ್ತದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಜಾತಿಯದೇ ಆದ, ಆದರೆ ವಯಸ್ಸಿನಲ್ಲಿ ಅದಕ್ಕಿಂತ ಬಹಳ ಕಿರಿದಾದ, ಪಟ್ಟೆಪಟ್ಟೆಯ ನೈಸ್ ಶಿಲೆ ಆ ಬೆಟ್ಟಗಳ ಮೈ. ಅದು ನೀರನ್ನು ಸುಲಭವಾಗಿ ಹೀರದು. ಆದಕಾರಣ ಹೊಳೆ ಬತ್ತಿದ ಮೇಲೂ ಬಂಡೆಯ ದೊಣೆಗಳಲ್ಲಿ ನೀರು ವಾರಗಟ್ಟಲೆ ಉಳಿದಿರುತ್ತದೆ.

ಈಗ ಚಾರಣವೆಂದು ಕರೆಯಲ್ಪಡುವ ವಿನೋದಕ್ಕಾಗಿ ಈ ಕಣಿವೆಗಳಲ್ಲಿ ಜನರು ನಡೆದ ಕಾಲ ಅಲ್ಪ. ನೀರಿಗಾಗಿ ನಡೆದ ಕಾಲ ದೀರ್ಘ. ಬೆಟ್ಟದ ಬುಡದ ಬಂಡೆಗಳಲ್ಲಿ ಹೊಹೊಕಮ್ ಜನರು ಕಾಳು ಕುಟ್ಟಿ ಕುಟ್ಟಿ ಮಾಡಿದ ಒರಳುಗುಳಿಗಳು ಇಂದಿಗೂ ಇವೆ. ತೊಹೊನೊ ಓಡಮ್ ಜನರು ಈ ಶ್ರೇಣಿಯನ್ನು ಕಪ್ಪೆಯ ಬೆಟ್ಟವೆನ್ನುತ್ತಾರೆ. ಅವರ ಹೊಸ ವರ್ಷ ಹುಟ್ಟುವುದು ಜೂನ್ ತಿಂಗಳ ಕೊನೆಯಲ್ಲಿ, ನೆಲದ ಹಸುರೆಲ್ಲ ಸೀದುಹೋದಾಗ. ಆ ವೇಳೆಗೆ ಸವಾರೊ ಎಂಬ ಮಹಾಕಳ್ಳಿಯ ತುದಿಯಲ್ಲಿ ಹಣ್ಣು ಕೆಂಪಾಗುತ್ತದೆ. ಸತ್ತ ಕಳ್ಳಿಯ ಒಣ ಎಲುಬುಗಳನ್ನು ಜೋಡಿಸಿ ಕಟ್ಟಿದ ದೋಟಿಯಿಂದ ಅದನ್ನು ಕೆಡವಿ, ಕುದಿಸಿ ಪಾಕವೆತ್ತಿ, ಹುಳಿಯಿಸಿ ಮದ್ಯ ಮಾಡಿ, ಊರೆಲ್ಲ ಕೂಡಿ ಹಾಡಿ ಕುಡಿದು ಮಳೆಯನ್ನು ಕರೆಯುವುದು ಅವರ ವಿಧಿ. ಮಳೆಯನ್ನು ಕಾದು ಕುಳಿತುಕೊಳ್ಳುವುದಕ್ಕಿಂತ ಅದನ್ನು ಆಮಂತ್ರಿಸುವುದು ಹೆಚ್ಚು ಸಭ್ಯವಾದ ಕ್ರಮವೆಂದು ನನಗೆ ತೋರುತ್ತದೆ. ಜೆಸುಯಿಟ್ ಪಾದ್ರಿ ಯೂಸೆಬಿಯೊ ಕೀನೊ 1697ರಲ್ಲಿ ಈ ಪ್ರದೇಶಕ್ಕೆ ಬಂದು ಸಂತಳೊಬ್ಬಳ ಹೆಸರನ್ನಿಟ್ಟಾಗ, ಈ ನೀರಿನ ದಾರಿಗಳೆಲ್ಲ ಬಹಳ ಹಿಂದೆಯೇ ಸವೆದಿದ್ದವು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ನಾಡು ಮೆಕ್ಸಿಕೋದಿಂದ ಅಮೆರಿಕದ ಕೈಸೇರಿತು. 1873ರಲ್ಲಿ ನಗರದಿಂದ ಈಶಾನ್ಯಕ್ಕೆ ಸ್ಥಳಾಂತರಗೊಂಡ ಫೋರ್ಟ್ ಲೋವೆಲ್ ದಂಡಿನ ಸಿಪಾಯಿಗಳು ಕುದುರೆಯೇರಿ ಈ ಬೆಟ್ಟಗಳ ಸಬೀನೊ ಕಣಿವೆಯ ಮಡುಗಳಿಗೆ ಈಜಲು ಹೋಗುತ್ತಿದ್ದರು. ಬಾಯಾರಿಕೆಗಲ್ಲದೆ ಸುಖಕ್ಕಾಗಿ ಆ ನೀರನ್ನರಸಿ ಹೋದವರಲ್ಲಿ ಇವರು ಮೊದಲಿಗರ ಪಂಕ್ತಿಯವರು. 1880ರಲ್ಲಿ ರೈಲು ಬಂತು. ಮರುವರ್ಷ ಸಾರಾ ಲೆಮ್ಮನ್ ಎಂಬ ಸಸ್ಯವಿಜ್ಞಾನಿ, ತನ್ನ ಗಂಡ ಜಾನ್ ಲೆಮ್ಮನ್ನನೊಡನೆ ವಿವಾಹಾನಂತರದ ಪ್ರವಾಸಕ್ಕೆಂದು ಬಂದವಳು, ಟೂಸಾನ್ ಕಡೆಯ ಇಳಿಜಾರಿನಿಂದ ಶಿಖರವನ್ನೇರಲು ಹೊರಟು ಮುಳ್ಳಿಗೂ ಕಡಿದಾದ ಬಂಡೆಗೂ ಸೋತು ಹಿಂದಿರುಗಿದಳು. ಆದರೂ ಬಿಡದೆ ಉತ್ತರದ ಮಗ್ಗುಲಿಗೆ ಸುತ್ತಿಹೋಗಿ, ಸ್ಟ್ರಾಟನ್ ಎಂಬ ಗೋಮಾಳದ ಒಡೆಯನ ಮಾರ್ಗದರ್ಶನದಲ್ಲಿ ತುದಿಯನ್ನು ಮುಟ್ಟಿದಳು. ಆ ಶಿಖರವನ್ನು ಇಂದು ಮೌಂಟ್ ಲೆಮ್ಮನ್ ಎನ್ನುತ್ತಾರೆ. 1887ರ ಮೇ 3ರಂದು ಮೆಕ್ಸಿಕೋದ ಸೊನೋರದಲ್ಲಿ ಹುಟ್ಟಿದ ಭೂಕಂಪವು ಈ ಬೆಟ್ಟಗಳನ್ನೂ ಅಲುಗಿಸಿ, ಬಂಡೆಗಳನ್ನು ಕಣಿವೆಗೆ ಉರುಳಿಸಿ, ಧೂಳಿನ ಮೋಡಗಳನ್ನೆಬ್ಬಿಸಿತು.

ಬೆಟ್ಟದ ಗುಟ್ಟನ್ನು ತಾಳ್ಮೆಯಿಂದ ಬಿಡಿಸಿದವನು ಫಾರೆಸ್ಟ್ ಶ್ರೀವ್. ಟೂಸಾನಿನ ಟೂಮಮಾಕ್ ಗುಡ್ಡದ ಮೇಲೆ ಕಾರ್ನೆಗಿ ಸಂಸ್ಥೆ 1903ರಲ್ಲಿ ಸ್ಥಾಪಿಸಿದ ಮರುಭೂಮಿ ಪ್ರಯೋಗಾಲಯಕ್ಕೆ ಬಂದು ಸೇರಿದ ಈತನು ವರ್ಷವರ್ಷವೂ ಈ ಶ್ರೇಣಿಯನ್ನು ಹತ್ತಿಳಿದು, ಬೇರೆಬೇರೆ ಎತ್ತರಗಳಲ್ಲಿ ಮಳೆಯನ್ನೂ ಉಷ್ಣತೆಯನ್ನೂ ಅಳೆದು, ಕಳ್ಳಿಯು ಓಕ್ ಮರಕ್ಕೂ ಓಕ್ ಪೈನ್ ಮರಕ್ಕೂ ಎಡೆಗೊಡುವ ಕ್ರಮವನ್ನು 1915ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಅಡಿಯಲ್ಲಿ ಮೆಕ್ಸಿಕೋದ ಮರುಭೂಮಿ, ಮುಡಿಯಲ್ಲಿ ಉತ್ತರದ ಶೀತಾರಣ್ಯ. ಕೆಳಗೆ ಬೀಳುವ ಜಲಪಾತದ ಆಯವ್ಯಯವೆಲ್ಲ ಮೇಲಣ ಕಾಡಿನ ಲೆಕ್ಕದಲ್ಲಿ ಅಡಗಿದೆಯೆಂಬುದು ಇಂಥ ಅಳತೆಗಳಿಂದಲೇ ಸ್ಪಷ್ಟವಾದದ್ದು.

ಆದರೆ ವಿಜ್ಞಾನಿಯು ಅಳೆದ ನೀರನ್ನು ಎಂಜಿನಿಯರನು ಕಟ್ಟಿಡಬಯಸುತ್ತಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅರಿಜೋನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಶೆರ್ಮನ್ ವುಡ್‌ವರ್ಡ್ ಸಬೀನೊ ಕಣಿವೆಗೆ ಅಣೆಕಟ್ಟೊಂದನ್ನು ಯೋಚಿಸಿದ್ದನು. ಅದು ಕಾಗದದಲ್ಲಿಯೇ ಉಳಿದು, ಮತ್ತೆ ತಲೆಯೆತ್ತಿದ್ದು 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ. ದೇಶದ ತುಂಬ ಕೆಲಸವಿಲ್ಲದ ಕೈಗಳು, ಅವುಗಳಿಗೆ ಕೂಲಿ ಕೊಡಲು ಕೇಂದ್ರ ಸರ್ಕಾರದ ಹಣ, ಹಣ ವ್ಯಯಿಸಲು ಒಂದು ಲೋಕೋಪಕಾರದ ನೆಪ—ಈ ಮೂರೂ ಕೂಡಿದಾಗ ಅಣೆಕಟ್ಟು ಏಳದಿರುವುದೇ ಆಶ್ಚರ್ಯ. ಕಣಿವೆಯ ಮೇಲ್ಭಾಗದ ಅಣೆಯ ನಿವೇಶನವನ್ನು ಮುಟ್ಟಲೆಂದು ಸುಮಾರು ನಾಲ್ಕು ಮೈಲಿಗಳ ದಾರಿಯನ್ನು ಕೊರೆದರು; ಹೊಳೆಯನ್ನು ಮತ್ತೆ ಮತ್ತೆ ದಾಟುವ ಆ ದಾರಿಗೆ, ಪ್ರವಾಹ ಬಂದರೆ ನೀರು ಮೇಲೆಯೇ ಹಾಯ್ದುಹೋಗಲೆಂದು ತಗ್ಗಾಗಿ, ಕಲ್ಲಿನ ಒಂಬತ್ತು ಸೇತುವೆಗಳನ್ನು ಕಟ್ಟಿದರು. ದಾರಿ ಮುಗಿಯಿತು, ಅಣೆ ಮಾತ್ರ ಏಳಲಿಲ್ಲ. ಸ್ಥಳೀಯರು ಭರಿಸಬೇಕಾಗಿದ್ದ ಪಾಲಿನ ಹಣ ಕೂಡಿಬರಲಿಲ್ಲವೆಂಬ ಒಂದೇ ಕಾರಣದಿಂದ ಮಹಾಯೋಜನೆ ನಿಂತುಹೋಗಿ, ಕೆಳಗಣ ಕಣಿವೆಯಲ್ಲಿ ವಿಹಾರಕ್ಕೆಂದು ಒಂದು ಸಣ್ಣ ಅಣೆ ಮಾತ್ರ ಉಳಿಯಿತು. ಅದರ ಸರೋವರವನ್ನೂ ಹೊಳೆಯು ಮರಳಿನಿಂದ ತುಂಬಿಬಿಟ್ಟಿತು. ಇಂದು ಆ ಕಣಿವೆಯಲ್ಲಿ ಮಳೆಗಾಲದ ನೀರು ಬಂಡೆಯಿಂದ ಬಂಡೆಗೆ ಧುಮುಕುವುದನ್ನು ಕಂಡು ಪ್ರಕೃತಿಪ್ರೇಮಿಗಳು ತಮ್ಮ ಪೂರ್ವಿಕರ ದೂರದೃಷ್ಟಿಯನ್ನು ಹೊಗಳುವುದುಂಟು. ನಿಜವಾಗಿ ಹೊಗಳಿಸಿಕೊಳ್ಳಬೇಕಾದದ್ದು ಅವರ ಬರಿದಾದ ಬೊಕ್ಕಸ. ಒಂದೂರಿನ ದಾರಿದ್ರ್ಯವು ಅದರ ಮೊಮ್ಮಕ್ಕಳಿಗೆ ಆಸ್ತಿಯಾಗಿ ಪರಿಣಮಿಸಿದ ಇಂಥ ದೃಷ್ಟಾಂತ ವಿರಳ.

ಶಿಖರಕ್ಕೆ ಹೋಗುವ ಹೆದ್ದಾರಿಯ ಕಥೆ ಬೇರೆ. 1933ರಿಂದ 1950ರವರೆಗೆ ಅದನ್ನು ಕಡಿದವರು ಸೆರೆಯಾಳುಗಳು. ಜಪಾನೀ ಮೂಲದ ಅಮೆರಿಕನ್ನರ ಮೇಲೆ ಯುದ್ಧಕಾಲದಲ್ಲಿ ಹೇರಿದ ನಿರ್ಬಂಧಗಳನ್ನು ಧಿಕ್ಕರಿಸಿ ಶಿಕ್ಷೆಗೊಳಗಾದ ಗಾರ್ಡನ್ ಹಿರಾಬಯಾಶಿ ಅವರಲ್ಲೊಬ್ಬನು. ಶಿಕ್ಷೆಯನ್ನನುಭವಿಸಲು ಅವನು ದಾರಿಹೋಕರ ವಾಹನಗಳನ್ನು ಕೈತೋರಿಸಿ ಹತ್ತಿಕೊಂಡು ತಾನೇ ಅಲ್ಲಿಗೆ ಬಂದನು. ಸೆರೆಯಾಳುಗಳ ಶಿಬಿರವಿದ್ದ ನೆಲಕ್ಕೆ ಈಗ ಅವನದೇ ಹೆಸರು.

ಸಬೀನೊ ಕಣಿವೆಯಿಂದ ಖಾಸಗಿ ಕಾರುಗಳನ್ನು 1970ರ ದಶಕದಲ್ಲಿ ದೂರವಿಟ್ಟ ಮೇಲೆ ಅಣೆಕಟ್ಟಿನ ದಾರಿ ನಡೆಯುವವರದಾಯಿತು. ಪಕ್ಕದ ಬೇರ್ ಕಣಿವೆಯ ಸೆವೆನ್ ಫಾಲ್ಸ್‌ಗೆ ಹೋಗಿಬರಲು ಎಂಟು ಮೈಲಿಗಳ ನಡಿಗೆ. ಹೊಳೆಯನ್ನು ಹಲವು ಬಾರಿ ದಾಟಬೇಕು. ಶ್ರೇಣಿಯ ಪೂರ್ವದ ಅಂಚಿನಲ್ಲಿ ಟಾಂಕೆ ವರ್ಡೆ ಜಲಪಾತವಿದೆ. 1981ರ ಜುಲೈ 26ರಂದು, ಅದು ಭಾನುವಾರ, ಮೇಲ್ಗಡೆಯೆಲ್ಲೋ ಸುರಿದ ಮಳೆಯ ನೀರು ಒಮ್ಮೆಲೇ ಅಲ್ಲಿಗೆ ನುಗ್ಗಿ ಎಂಟು ಜನರನ್ನು ಕೊಂಡೊಯ್ದಿತು. 2006ರ ಜುಲೈ ಕೊನೆಯಲ್ಲಿ, ಹಲವು ದಿನ ಸುರಿದ ಮಳೆಯಿಂದ ನೆನೆದ ಇಳಿಜಾರುಗಳು ನೂರಾರು ಕಡೆ ಕಲ್ಲುಮಣ್ಣಿನ ಪ್ರವಾಹವಾಗಿ ಜಾರಿ, ಸಬೀನೊ ಕಣಿವೆಯ ದಾರಿಯನ್ನು ಕತ್ತರಿಸಿದವು. ಕಾಡು ಸುಟ್ಟರೆ ಕೇಡು ಇನ್ನೊಂದು ಬಗೆಯದು: 2003ರ ಆಸ್ಪೆನ್ ಬೆಂಕಿಯೂ 2020ರ ಜೂನ್‌ನಲ್ಲಿ ಸಿಡಿಲಿನಿಂದ ಹೊತ್ತಿ ಸುಮಾರು 1,20,000 ಎಕರೆಗಳನ್ನು ಸುಟ್ಟ ಬಿಗ್‌ಹಾರ್ನ್ ಬೆಂಕಿಯೂ ಬೆಟ್ಟದ ಮಣ್ಣನ್ನು ಬರಿದುಗೊಳಿಸಿದ್ದರಿಂದ, ಮುಂದಿನ ಮಳೆಗೆ ಬೂದಿ ಬೆರೆತ ಕರಿಯ ನೀರಿಳಿದು ದೊಣೆಗಳಲ್ಲಿ ಮರಳು ತುಂಬಿತು.

ಅಣೆಕಟ್ಟಿನ ಕನಸಿನ ಕಾಲದ ಇನ್ನೊಂದು ವಸ್ತು ಈಗಲೂ ಕೆಲಸ ಮಾಡುತ್ತಿದೆ. ಸಬೀನೊ ಹೊಳೆಯ ಹರಿವನ್ನು ಅಮೆರಿಕದ ಭೂಗರ್ಭ ಸರ್ವೇಕ್ಷಣ ಸಂಸ್ಥೆ 1932ರಿಂದ ಅಳೆದು ದಾಖಲಿಸುತ್ತ ಬಂದಿದೆ. ಜಲಾಶಯ ಎಷ್ಟು ಬೇಗ ತುಂಬೀತೆಂದು ಲೆಕ್ಕಹಾಕುವವರಿಗೆ ಬೇಕಾಗಿದ್ದಂಥ ಆ ಅಂಕಿಯನ್ನು ಇಂದು ಚಾರಣಿಗರು ಹೊರಡುವ ಮುನ್ನ ನೋಡುತ್ತಾರೆ: ಸೊನ್ನೆಯಿದ್ದರೆ ಜಲಪಾತವಿಲ್ಲ, ಅತಿಯಾಗಿದ್ದರೆ ಹೊಳೆ ದಾಟಲಾಗದು. ಮಾಪಕವಿರುವುದಾದರೋ ಕಣಿವೆಯ ಕೆಳಗಣ ತುದಿಯಲ್ಲಿ. ಬೇಸಗೆಯ ಗುಡುಗುಮಳೆ ಮೇಲೆ ಸುರಿದ ಸುದ್ದಿ ಅದಕ್ಕೆ ತಲಪುವಷ್ಟರಲ್ಲಿ ಆ ನೀರು ಈಜುವವರ ಮಡುಗಳನ್ನೆಲ್ಲ ದಾಟಿ ಬಂದಿರುತ್ತದೆ.