ನಂದಿಬಟ್ಟಲು, ಇಬೊಗಾ ಮತ್ತು ನಮ್ಮ ಸಭೆಯ ಶೇಂದಿಯ ಪ್ರಶ್ನೆ

ಬೈಂದೂರು, ಕುಂದಾಪುರ, ಬ್ರಹ್ಮಾವರಗಳಲ್ಲಿ ನಂದಿಬಟ್ಟಲಿಲ್ಲದ ಅಂಗಳ ಅಪರೂಪ. ಈ ಬಿಳಿಹೂವಿನ ಗಿಡದಲ್ಲಿರುವ ಕೊರೊನಾರಿಡೀನ್ ಎಂಬ ಸಸ್ಯಕ್ಷಾರವು ಮಧ್ಯ ಆಫ್ರಿಕದ ಇಬೊಗಾ ಬೇರಿನ ಇಬೊಗೈನ್‌ಗೆ ಹತ್ತಿರದ ಬಂಧು. ವ್ಯಸನ ಬಿಡಿಸುವ ಮದ್ದೆಂದು ಇಂದು ಚರ್ಚೆಗೆ ಬಂದಿರುವ ಇಬೊಗೈನಿನ ಚರಿತ್ರೆಯನ್ನು ನಮ್ಮ ಕರಾವಳಿಯ ಸಭಾಚರಿತ್ರೆಯೊಡನೆ ಇಟ್ಟು ನೋಡಬಯಸುತ್ತೇವೆ.

ಗಬೋನ್ ದೇಶದ ಬ್ವಿಟಿ ಸಂಪ್ರದಾಯದವರು ದೀಕ್ಷೆಯ ರಾತ್ರಿ ಈ ಬೇರಿನ ತೊಗಟೆಯನ್ನು ಸೇವಿಸಿ, ಹಾಡು ವಾದ್ಯಗಳ ನಡುವೆ ಪೂರ್ವಜರ ದರ್ಶನಕ್ಕೆ ಕಾಯುತ್ತಾರೆ. ಫಾಂಗ್ ಜನರ ಬ್ವಿಟಿಯಲ್ಲಿ ಕ್ರೈಸ್ತ ಅಂಶಗಳೂ ಬೆರೆತಿವೆ. ಮಿಷನರಿಗಳಾದರೋ ಅದನ್ನು ವಿರೋಧಿಸಿದರು. 1939ರಲ್ಲಿ ಫ್ರಾನ್ಸಿನಲ್ಲಿ ಇಬೊಗೈನ್ ಗುಳಿಗೆಯೊಂದು ಮಾರಾಟಕ್ಕೆ ಬಂದಾಗ ಅದು ಹೊತ್ತ ಹೆಸರು ಲಾಂಬಾರೆನ್. ವೇದಪಂಡಿತ ಆಲ್ಬರ್ಟ್ ಶ್ವೈಟ್ಸರ್ 1913ರಲ್ಲಿ ಆಸ್ಪತ್ರೆ ತೆರೆದ ಊರಿನ ಹೆಸರೂ ಅದೇ. ಗುಳಿಗೆಯಲ್ಲಿ ಬೇರಿನ ಸತ್ವವಿತ್ತು, ರಾತ್ರಿಯಿಡೀ ಜೊತೆಗೆ ಕೂರುವ ಜನರಿರಲಿಲ್ಲ. 1962ರಲ್ಲಿ ಹೆರಾಯಿನ್ ವ್ಯಸನಿಯಾಗಿದ್ದ ಹೊವರ್ಡ್ ಲಾಟ್ಸಾಫ್ ಎಂಬ ಅಮೆರಿಕದ ಯುವಕನು ಇಬೊಗೈನ್ ಸೇವಿಸಿ, ತನ್ನ ಹಂಬಲ ಅಡಗಿದುದನ್ನು ಕಂಡು ಬೆರಗಾದನು. ಆದರೆ ಅದು ಹೃದಯದ ಲಯವನ್ನು ಕೆಡಿಸುತ್ತದೆ. ಸೇವಿಸಿದ ಕೆಲವರು ಸತ್ತಿದ್ದಾರೆ. 1970ರಲ್ಲಿ ಅಮೆರಿಕವು ಅದನ್ನು ಅತ್ಯಂತ ಕಠಿಣ ನಿಯಂತ್ರಣದ ಪಟ್ಟಿಗೆ ಸೇರಿಸಿತು. ಕೊರೊನಾರಿಡೀನಿನ ರಚನೆಯನ್ನೇ ಮಾರ್ಪಡಿಸಿ ವಿಜ್ಞಾನಿಗಳು 1990ರ ದಶಕದಲ್ಲಿ ಇನ್ನೊಂದು ಸಂಯುಕ್ತವನ್ನು ರೂಪಿಸಿದರೂ ಅಂಗಳದ ಗಿಡ ಅದರಿಂದ ಔಷಧವಾಗಲಿಲ್ಲ. ಇಬೊಗೈನಿನ ಪ್ರಯೋಗಗಳು ಬಹುಪಾಲು ಅಫೀಮು ವರ್ಗದ ವ್ಯಸನಿಗಳ ಮೇಲೆ ನಡೆದವು. ನಮ್ಮ ಮನೆಗಳನ್ನು ಕಾಡುವುದು ಹೆಚ್ಚಾಗಿ ಮದ್ಯ. ನಂದಿಬಟ್ಟಲಿನ ಬೇರನ್ನು ಅರೆದು ಕುಡಿಸೋಣವೇ ಎಂದು ಕೇಳಿ ಬಂದ ಮನೆಯವರಿಗೆ ಸಭಾಪಾಲಕರು ಬೇಡವೆಂದು ಸ್ಪಷ್ಟವಾಗಿ ಹೇಳಬೇಕು.

ನಮ್ಮಲ್ಲಿ ಮೊದಲು ಅಮಲಿಗೆ ಇದಿರಾಗಿ ನಿಂತದ್ದು ಮದ್ದಲ್ಲ, ಶಿಸ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಯನ್ನು ಸೇರಿದವರಲ್ಲಿ ಬಿಲ್ಲವರು ಬಹಳ. ಮೂರ್ತೆ ಅವರ ಕುಲಕಸುಬು. ಕಳ್ಳಿಳಿಸುವವನು ಆ ಕಸುಬನ್ನು ಬಿಟ್ಟೇ ಸಭೆಗೆ ಬರಬೇಕೆಂದು ಮಿಶನ್ ವಿಧಿಸಿತು. ಕುಡಿಯುವವನ ಚಟಕ್ಕಿಂತ ಮೊದಲು ಇಳಿಸುವವನ ಅನ್ನಕ್ಕೆ ಕೈಯಿಟ್ಟ ನಿಯಮವಿದು. ಈ ಕಠಿಣತೆ ನಮಗೆ ಇಂದಿಗೂ ಇರಿಸುಮುರಿಸು ತರುತ್ತದೆ. ಆದರೂ ಮಿಶನ್ ಅಲ್ಲಿಗೇ ನಿಲ್ಲಲಿಲ್ಲ: ನೇಯ್ಗೆ, ಮುದ್ರಣ, 1865ರಿಂದ ಮಂಗಳೂರಿನಲ್ಲಿ ಹಂಚು, ಮುಂದೆ ಬ್ರಹ್ಮಾವರಕ್ಕೆ ದೂರವಲ್ಲದ ಮಲ್ಪೆಯಲ್ಲೂ ಹಂಚಿನ ಕಾರ್ಖಾನೆ. ತಾಳೆಮರದಿಂದ ಇಳಿದವನಿಗೆ ಕೂಲಿ ಸಿಕ್ಕಿತು, ಜೊತೆಯವರು ಸಿಕ್ಕರು. ಮಿಶನ್ನೇ ಸಭೆಯೂ ಧಣಿಯೂ ಆದ ಹಂಗೂ ಕೊರಳಿಗೆ ಬಿತ್ತು. ಮೊದಲ ಮಹಾಯುದ್ಧದ ಬಳಿಕ ಆ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.