ಶಾಲೆಗೆ ಹತ್ತಿರದ ಮನೆ: ಮುಂಬಯಿಯ ಉಪನಗರಗಳ ಒಂದು ಚರಿತ್ರೆ

ಮುಂಬಯಿಯಲ್ಲಿ ಮಾರಾಟಕ್ಕಿರುವ ಮನೆಯ ಯಾವ ಜಾಹೀರಾತನ್ನು ನೋಡಿದರೂ, ಸ್ಟೇಷನ್ನಿಗೆ 10 ನಿಮಿಷ, ಮಾರ್ಕೆಟ್ಟಿಗೆ 5 ನಿಮಿಷ ಎಂಬ ಸಾಲಿನ ಬೆನ್ನಿಗೇ ‘ಒಳ್ಳೆಯ ಶಾಲೆಗಳ ಸಮೀಪ’ ಎಂಬ ಮಾತು ಇದ್ದೇ ಇರುತ್ತದೆ. ನಮ್ಮ ಮಗಳಿಗೆ ಈಗ ಮೂರೂವರೆ ವರ್ಷ. ಹೋದ ದೀಪಾವಳಿಯಿಂದ ನಾನೂ ನನ್ನ ಯಜಮಾನರೂ ಮನೆ ಹುಡುಕುತ್ತಿದ್ದೇವೆ. ಸಾಫ್ಟ್‌ವೇರ್ ಕೆಲಸದವಳಾದ್ದರಿಂದ ಅಭ್ಯಾಸಬಲದಿಂದ ಒಂದು ಎಕ್ಸೆಲ್ ಶೀಟ್ ಮಾಡಿದೆ. ಮಾಟುಂಗ, ಮುಲುಂಡ್, ಡೊಂಬಿವಲಿ, ನೆರೂಳ್ ಎಂದು ಅಡ್ಡಸಾಲುಗಳು. ದರ, ಚದರಡಿ, ಶಾಲೆ, ಶುಲ್ಕ, ರೈಲಿನ ಸಮಯ ಎಂದು ಕಂಬಸಾಲುಗಳು. ಅಂಕಿಗಳೆಲ್ಲ ತುಂಬಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಒಳ್ಳೆಯ ಶಾಲೆಗಳು ಕೆಲವೇ ಕಡೆ ಗುಂಪಾಗಿರುವುದು ಏಕೆ? ದಾದರ್-ಮಾಟುಂಗದ ಒಂದೆರಡು ಮೈಲಿಯೊಳಗೆ ಶಿಶುವಿಹಾರದಿಂದ ಇಂಜಿನಿಯರಿಂಗ್ ಕಾಲೇಜಿನವರೆಗೆ ಎಲ್ಲವೂ ಇರುವುದು ಹೇಗೆ? ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ತಲುಪುವುದು ಪ್ಲೇಗಿನ ಕಾಲಕ್ಕೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಭಾಗದಲ್ಲಿ ಕಾಣಿಸಿಕೊಂಡ ರೋಗ ಪ್ಲೇಗ್ ಎಂದು ಡಾ. ಅಕಾಸಿಯೋ ವಿಯೇಗಸ್ ಗುರುತಿಸಿದರು. ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಖೋಲಿಗಳೇ ರೋಗಕ್ಕೆ ಮೂಲವೆಂದು ಬಗೆದ ಸರಕಾರ 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಹಳೆಯ ಕೇರಿಗಳ ನಡುವೆ ಅಗಲವಾದ ರಸ್ತೆಗಳನ್ನು ಕೊರೆಯುವುದು, ಊರಿನ ಉತ್ತರ ತುದಿಯ ಗದ್ದೆ-ತೋಟಗಳನ್ನು ಕೊಂಡು ಹೊಸ ಬಡಾವಣೆ ಮಾಡುವುದು ಅದರ ಕೆಲಸ. ದಾದರ್, ಮಾಟುಂಗ, ವಡಾಲ, ಸಾಯನ್ ಹುಟ್ಟಿದ್ದು ಹೀಗೆ. ನಮ್ಮ ಬೆಂಗಳೂರಿಗೂ 1898ರಲ್ಲಿ ಅದೇ ಪ್ಲೇಗ್ ಬಂತು, ಬಸವನಗುಡಿ ಮಲ್ಲೇಶ್ವರಗಳು ಬೆಳೆದವು. ಅಲ್ಲಿ ಓದಿದವರಿಗೆ ಹಿಂದೂ ಕಾಲೋನಿಯ ಮರಗಳ ಸಾಲು ಕಂಡಾಗ ಎಲ್ಲೋ ನೋಡಿದ ಹಾಗೆ ಅನ್ನಿಸುವುದು ಸಹಜವೇ.

ಇದರಲ್ಲೊಂದು ಅನ್ಯಾಯವೂ ಇತ್ತು. ಟ್ರಸ್ಟು ಕೆಡವಿದ ಮನೆಗಳಲ್ಲಿದ್ದವರು ಕೂಲಿಕಾರರು, ಬಡವರು. ಹೊಸ ಬಡಾವಣೆಯಲ್ಲಿ ಬಂದು ಕೂತವರು ಸಂಬಳದ ಗುಮಾಸ್ತರು, ಶಿಕ್ಷಕರು, ವಕೀಲರು. ಕಟ್ಟಿದ್ದಕ್ಕಿಂತ ಕೆಡವಿದ್ದೇ ಹೆಚ್ಚು ಎಂಬ ಟೀಕೆ ಆಗಲೇ ಇತ್ತು. ನಿವೇಶನಗಳನ್ನು ಟ್ರಸ್ಟು ದೀರ್ಘಾವಧಿ ಲೀಸಿಗೆ ಕೊಟ್ಟಿತು. ಟ್ರಸ್ಟಿನಲ್ಲೇ ಇಂಜಿನಿಯರಾಗಿದ್ದ ಮಂಚೇರ್ಜಿ ಜೋಶಿಯವರು ಮಧ್ಯಮ ವರ್ಗದ ಪಾರ್ಸಿಗಳಿಗೆಂದು 103 ನಿವೇಶನಗಳನ್ನು ತೆಗೆದಿರಿಸುವಂತೆ ಒಪ್ಪಿಸಿ ಪಾರ್ಸಿ ಕಾಲೋನಿ ಕಟ್ಟಿಸಿದರು. ಪಕ್ಕದಲ್ಲಿ ಹಿಂದೂ ಕಾಲೋನಿ, ಅದರಾಚೆ ಮಾಟುಂಗ. ಅಂಚೆ, ರೈಲ್ವೆ, ವಿಮಾ ಕಚೇರಿ, ಖಾಸಗಿ ಕಂಪನಿಗಳಲ್ಲಿ ಕೆಲಸ ಹಿಡಿದು ದಕ್ಷಿಣದಿಂದ ಬಂದ ತಮಿಳರು, ಮಲಯಾಳಿಗಳು, ನಮ್ಮವರು ಇಲ್ಲಿ ಬಾಡಿಗೆ ಹಿಡಿದರು. ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿ ಇದೇ ಮಾಟುಂಗದಲ್ಲಿ ನೆಲೆನಿಂತಿತು. 1942ರಲ್ಲಿ ಎ. ರಾಮ ನಾಯಕರು ಸ್ಟೇಷನ್ನಿನೆದುರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಬಾಳೆಎಲೆಗೆ ಕಾಯುವ ಜನ ಅಲ್ಲಿ ಆಗಲೇ ಇದ್ದರು.

ಹೊಸ ಬಡಾವಣೆಯ ಹೊಸ ಮಾದರಿ ಮನೆಯೆಂದರೆ ಸೆಲ್ಫ್-ಕಂಟೇನ್ಡ್ ಫ್ಲ್ಯಾಟ್. ಚಾಳಿನಲ್ಲಿ ಮೊಗಸಾಲೆಯ ತುದಿಗೆ ಇದ್ದ ಶೌಚಾಲಯ ಇಲ್ಲಿ ಮನೆಯೊಳಕ್ಕೆ ಬಂತು. ಇತಿಹಾಸಕಾರ ನಿಖಿಲ್ ರಾವ್ ಮಾಟುಂಗದ ಬಗ್ಗೆ ಬರೆದ ‘ಹೌಸ್, ಬಟ್ ನೋ ಗಾರ್ಡನ್’ ಪುಸ್ತಕದಲ್ಲಿ ಇದರ ವಿವರಗಳಿವೆ. ಮಡಿ-ಮೈಲಿಗೆ ನೋಡುವ ಮನೆಗಳಲ್ಲಿ ಅಡುಗೆಮನೆಯಿಂದ ನಾಲ್ಕು ಹೆಜ್ಜೆಗೆ ಪಾಯಿಖಾನೆ ಎಂಬುದನ್ನು ಒಪ್ಪಿಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಆದರೆ ನಡುರಾತ್ರಿ ಮಗುವನ್ನೆತ್ತಿಕೊಂಡು ಮೊಗಸಾಲೆ ಉದ್ದಕ್ಕೂ ನಡೆಯಬೇಕಾಗಿದ್ದ ಹೆಂಗಸಿಗೆ ಅದರಲ್ಲಿ ಎಷ್ಟು ನೆಮ್ಮದಿ ಸಿಕ್ಕಿರಬೇಕು ಎಂದು ನಾನು ಯೋಚಿಸುತ್ತೇನೆ.

ಈಗ ಶಾಲೆಗಳ ಕಡೆ ನೋಡೋಣ. ಬಡಾವಣೆ ಆದಾಗ ಅಲ್ಲಿ ಹೆಸರಾಂತ ಶಾಲೆ ಇದ್ದದ್ದಲ್ಲ. ಅವೆಲ್ಲ ಕೋಟೆ, ಗಿರಗಾಂವ್, ಭಾಯಖಳಗಳಲ್ಲಿದ್ದವು. ಸಂಸಾರ ಹೂಡಿದವರಿಗೆ ಮಕ್ಕಳನ್ನು ಅಷ್ಟು ದೂರ ಕಳುಹಿಸಲಾಗದು. 1917ರಲ್ಲಿ ಶುರುವಾದ ಇಂಡಿಯನ್ ಎಜುಕೇಷನ್ ಸೊಸೈಟಿ ದಾದರಿನಲ್ಲಿ ಕಿಂಗ್ ಜಾರ್ಜ್ ಶಾಲೆ ನಡೆಸಿತು. ಇವತ್ತಿನ ರಾಜಾ ಶಿವಾಜಿ ವಿದ್ಯಾಲಯ ಅದೇ. 1932ರಲ್ಲಿ ಮಾಟುಂಗದ ದಕ್ಷಿಣದವರು ಸೇರಿ ಸೌತ್ ಇಂಡಿಯನ್ ಎಜುಕೇಷನ್ ಸೊಸೈಟಿ, ಅಂದರೆ ನಾವೆಲ್ಲ ಕರೆಯುವ ಎಸ್‌ಐಇಎಸ್, ಕಟ್ಟಿದರು. ಭಾಯಖಳದಲ್ಲಿದ್ದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ, ಈಗಿನ ವಿಜೆಟಿಐ, 1923ರಲ್ಲಿ ಮಾಟುಂಗಕ್ಕೆ ಬಂದಿತ್ತು. 1937ರಲ್ಲಿ ರೂಯಾ ಕಾಲೇಜು, 1941ರಲ್ಲಿ ಪೋದ್ದಾರ್ ಕಾಲೇಜು. ಮನೆ ಮೊದಲು, ಶಾಲೆ ಆಮೇಲೆ. ಶಾಲೆ ಕಟ್ಟಿದವರು ಅಲ್ಲಿಯೇ ಬಾಡಿಗೆಗಿದ್ದ ಅಪ್ಪ-ಅಮ್ಮಂದಿರು. ಒಂದೇ ತಲೆಮಾರು ಕಳೆಯುವಷ್ಟರಲ್ಲಿ ಲೆಕ್ಕ ತಿರುಗಿತು. ಆ ಶಾಲೆಗಳಿವೆ ಎಂಬ ಕಾರಣಕ್ಕೇ ಜನ ಅಲ್ಲಿ ಮನೆ ಹುಡುಕತೊಡಗಿದರು.

ಈ ಕತೆಯಲ್ಲಿ ಕರ್ನಾಟಕದ್ದೇ ಒಂದು ಎಳೆ ಇದೆ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರು. ಧಾರವಾಡ, ಬೆಳಗಾವಿ, ವಿಜಾಪುರಗಳಂತೂ ಮೊದಲೇ ಇದ್ದವು. ಹಾಗಾಗಿ ನಮ್ಮ ಕಡೆಯ ಹುಡುಗರು ಮ್ಯಾಟ್ರಿಕ್ ಎಂದರೆ ಮುಂಬಯಿ ವಿಶ್ವವಿದ್ಯಾಲಯ, ನೌಕರಿ ಎಂದರೆ ಮುಂಬಯಿ ಕಚೇರಿ ಎಂದು ಹೊರಡುತ್ತಿದ್ದರು. ಹೀಗೆ ಬಂದ ಚಿತ್ರಾಪುರ ಸಾರಸ್ವತರು ಮನೆಮಾತಿಗೆ ಕೊಂಕಣಿಯವರು, ಶಾಲೆಯಲ್ಲಿ ಓದಿದ್ದು ಕನ್ನಡ. ಅವರಲ್ಲೊಬ್ಬರು ಶ್ರೀಪಾದ ಸುಬ್ಬರಾವ್ ತಲ್ಮಕಿ. 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ ಆರಂಭಿಸಿದ ಅವರು 1915ರಲ್ಲಿ ಗಾಂವ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿದರು. ಹೌಸಿಂಗ್ ಸೊಸೈಟಿ ಎಂಬ, ನಮ್ಮೆಲ್ಲರ ಭಾನುವಾರಗಳನ್ನು ಮೀಟಿಂಗಿನಲ್ಲಿ ಕಳೆಯುವ ವ್ಯವಸ್ಥೆಯ ಮೊದಲ ಮಾದರಿಗಳಲ್ಲಿ ಅದು ಒಂದು. ಒಬ್ಬ ಗುಮಾಸ್ತನ ಸಂಬಳಕ್ಕೆ ಆಗದ ಮನೆ ಹತ್ತು ಗುಮಾಸ್ತರು ಕೂಡಿದರೆ ಆಗುತ್ತದೆ ಎಂಬುದು ಅವರ ಲೆಕ್ಕ. ಮಕ್ಕಳ ಓದು ಕೆಡದಂತೆ ಒಂದು ಭದ್ರ ವಿಳಾಸ ಬೇಕು ಎಂಬುದೂ ಆ ಲೆಕ್ಕದಲ್ಲಿತ್ತು ಎಂದು ನನ್ನ ಅನಿಸಿಕೆ.

ಆದರೆ ಹೆಚ್ಚಿನ ಕನ್ನಡಿಗರ ಮುಂಬಯಿ ಇದಲ್ಲ. ಕರಾವಳಿಯಿಂದ ಹತ್ತು-ಹನ್ನೆರಡನೆಯ ವಯಸ್ಸಿಗೆ ಬಂದು ಹೋಟೆಲಿನಲ್ಲಿ ಕಪ್ಪು ತೊಳೆದ ಹುಡುಗರಿಗೆ ಮನೆಯೇ ಇರಲಿಲ್ಲ. ಕೆಲಸ ಮಾಡುವ ಜಾಗದಲ್ಲೇ ಮಲಗುವುದು. ಅವರು ಓದಿದ್ದು ಫೋರ್ಟ್ ಮತ್ತು ಸುತ್ತಮುತ್ತಲಿನ ಕನ್ನಡ ರಾತ್ರಿಶಾಲೆಗಳಲ್ಲಿ. ಅವರ ಶಾಲೆ ಮನೆಗಲ್ಲ, ದುಡಿಮೆಗೆ ಹತ್ತಿರವಿತ್ತು. ನಮ್ಮ ಸಂಘಗಳನ್ನು ಕಟ್ಟಿದ ಹಿರಿಯರಲ್ಲಿ ರಾತ್ರಿಶಾಲೆಯ ವಿದ್ಯಾರ್ಥಿಗಳು ಎಷ್ಟೋ ಮಂದಿ. ಆ ಶಾಲೆಗಳಲ್ಲಿ ಹುಡುಗಿಯರು ಕಾಣದಿರುವುದೂ ಸಹಜ. ಹೆಣ್ಣುಮಕ್ಕಳು ಊರಿನಲ್ಲೇ ಉಳಿದಿದ್ದರು. ಹೆಂಡತಿ-ಮಕ್ಕಳನ್ನು ಕರೆತಂದು ಸಂಸಾರ ಹೂಡಿದ ಮೇಲೆಯೇ ಮನೆ ಪಕ್ಕದ ಶಾಲೆ ಎಂಬ ಮಾತು ನಮ್ಮವರಲ್ಲಿ ಬಂದದ್ದು. ಆಗ ನಮ್ಮವರೂ ಮಾಟುಂಗದವರು ಮಾಡಿದ್ದನ್ನೇ ಮಾಡಿದರು: ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ, ಚೆಂಬೂರಿನಲ್ಲಿ ಚೆಂಬೂರು ಕರ್ನಾಟಕ ಸಂಘ, ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ, ಪೊವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಶಾಲೆ. ಈ ಹೆಸರುಗಳನ್ನು ನಕ್ಷೆಯ ಮೇಲೆ ಗುರುತು ಹಾಕಿದರೆ ಕನ್ನಡಿಗರು ರೈಲುಹಳಿ ಹಿಡಿದು ಊರಿನಿಂದ ಹೊರಹೊರಗೆ ಸರಿದ ದಾರಿಯೇ ಮೂಡುತ್ತದೆ.

ಸರಿಯಲೇಬೇಕಾಗಿತ್ತು. 1925ರಲ್ಲಿ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ, 1928ರಲ್ಲಿ ಪಶ್ಚಿಮ ಹಳಿಯ ಮೇಲೆ ಬೊರಿವಲಿಗೆ ವಿದ್ಯುತ್ ರೈಲು ಓಡಿತು. 1947ರ ಬಾಡಿಗೆ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಇದ್ದವರು ಬಿಡಲಿಲ್ಲ, ಹೊಸಬರಿಗೆ ಪಗಡಿ ಕೊಡದೆ ಮಾಟುಂಗದಲ್ಲಿ ಬಾಗಿಲು ತೆರೆಯಲಿಲ್ಲ. 1950 ಮತ್ತು 1957ರಲ್ಲಿ ನಗರದ ಎಲ್ಲೆ ದಹಿಸರ್, ಮುಲುಂಡ್‌ವರೆಗೆ ಹಬ್ಬಿತು. ಮುಂದೆ 1963ರ ಓನರ್‌ಶಿಪ್ ಫ್ಲ್ಯಾಟ್ ಕಾಯಿದೆ ಬಂದು ಬಿಲ್ಡರಿನಿಂದ ಮನೆ ಕೊಳ್ಳುವುದಕ್ಕೆ ನಿಯಮಗಳಾದವು. ಅಷ್ಟರಲ್ಲಿ ಬಾಡಿಗೆ ಮನೆ ಎಂಬುದು ಮರ್ಯಾದಸ್ಥರ ಮಾಮೂಲು ವ್ಯವಸ್ಥೆಯಾಗಿದ್ದದ್ದು ಹೋಗಿ, ಸಾಲ ಮಾಡಿಯಾದರೂ ಸ್ವಂತ ಮನೆ ಎಂಬುದು ಬಂದಿತ್ತು. ಇವತ್ತು ಮಾಟುಂಗದಲ್ಲಿ ಒಂದು ಬೆಡ್‌ರೂಮಿನ ಹಳೆಯ ಮನೆಗೆ ಹೇಳುವ ದರದಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟಿನ ಅಗಲ ರಸ್ತೆ, ಎಸ್‌ಐಇಎಸ್ ಕಟ್ಟಿದವರ ಶ್ರಮ, ಬಾಡಿಗೆ ಕಾಯಿದೆಯ ಬಿಗಿ ಎಲ್ಲವೂ ಸೇರಿದೆ. ಆ ಅಡ್ಡಸಾಲನ್ನು ನಾನು ಶೀಟಿನಿಂದ ತೆಗೆದುಹಾಕಿದೆ.

ಶಾಲೆಯನ್ನೇ ನಡುವೆ ಇಟ್ಟು ಬಡಾವಣೆ ಮಾಡಿದರೆ ಹೇಗೆ ಎಂದು ಯೋಚಿಸಿದವರೂ ಇದ್ದಾರೆ. 1929ರಲ್ಲಿ ನ್ಯೂಯಾರ್ಕ್ ಪ್ರದೇಶದ ಯೋಜನೆಗಾಗಿ ಕ್ಲಾರೆನ್ಸ್ ಪೆರ್ರಿ ಬರೆದ ‘ನೆರೆಹೊರೆ ಘಟಕ’ದ ಕಲ್ಪನೆ ಬಹಳ ಸರಳ: ಒಂದು ಪ್ರಾಥಮಿಕ ಶಾಲೆಗೆ ಸಾಕಾಗುವಷ್ಟು ಮನೆಗಳು, ಮಗು ದೊಡ್ಡ ರಸ್ತೆ ದಾಟದೆ ನಡೆದು ಹೋಗುವಷ್ಟು ದೂರ. ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ ಮುಂದೆ ಭುವನೇಶ್ವರದ ನಕ್ಷೆ ಬರೆದಾಗ ಬಳಸಿದ್ದು ಇದೇ ಕಲ್ಪನೆಯನ್ನು. ಮುಂಬಯಿಗೆ ಅದು ಬಂದದ್ದು ಕೊಲ್ಲಿಯಾಚೆ. 1965ರಲ್ಲಿ ಚಾರ್ಲ್ಸ್ ಕೊರಿಯಾ, ಶಿರೀಷ್ ಪಟೇಲ್ ಮತ್ತು ಪ್ರವೀಣಾ ಮೆಹ್ತಾ ‘ಮಾರ್ಗ್’ ಪತ್ರಿಕೆಯಲ್ಲಿ ಅವಳಿ ನಗರದ ಪ್ರಸ್ತಾಪ ಮಂಡಿಸಿದರು. ಮೂವರಲ್ಲಿ ಪ್ರವೀಣಾ ಮೆಹ್ತಾ ಅವರ ಹೆಸರು ಕಡಿಮೆ ಕೇಳುತ್ತದೆ. ಮಹಿಳಾ ವಿಭಾಗದ ಸಂಚಿಕೆಯಲ್ಲಾದರೂ ಅದು ಇರಲಿ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಯಿತು. ಸೆಕ್ಟರುಗಳಲ್ಲಿ ಶಾಲೆ, ಆಟದ ಮೈದಾನ, ಮಾರ್ಕೆಟ್ಟಿಗೆ ಜಾಗ ಮೊದಲೇ ಬಿಟ್ಟರು. ಆದರೆ ವಾಶಿಗೆ ಮುಂಬಯಿಯ ಲೋಕಲ್ ರೈಲು ಬಂದದ್ದು 1992ರಲ್ಲಿ. ಶಾಲೆಗೆ ಜಾಗ ಇದ್ದೂ ಅಪ್ಪ ಕೆಲಸಕ್ಕೆ ಹೋಗಲು ರೈಲಿಲ್ಲದಿದ್ದ ಆ ವರ್ಷಗಳಲ್ಲಿ ಅಲ್ಲಿಗೆ ಹೋದವರನ್ನು ನಂಟರು ‘ಕಾಡಿಗೆ ಹೋದರು’ ಎಂದು ಆಡಿಕೊಳ್ಳುತ್ತಿದ್ದರಂತೆ.

ಇಷ್ಟು ಓದಿದ ಮೇಲೆ ನನ್ನ ಶೀಟಿಗೆ ಒಂದು ಹೊಸ ಕಂಬಸಾಲು ಸೇರಿತು: ಮಗುವನ್ನು ಯಾರು ಕರೆತರುತ್ತಾರೆ? ಶಾಲೆಯ ಹೆಸರು, ಬೋರ್ಡು, ಹತ್ತನೆಯ ತರಗತಿಯ ಫಲಿತಾಂಶ ಇವೆಲ್ಲ ಅದರ ನಂತರ. ನನ್ನ ಕೆಲಸ ಐರೋಲಿಯಲ್ಲಿ, ಯಜಮಾನರದು ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ. ಹುಬ್ಬಳ್ಳಿಯಿಂದ ಬಂದು ನಮ್ಮೊಡನಿರುವ ಅತ್ತೆಯವರಿಗೆ ಮೊಣಕಾಲು ನೋವು. ಶಾಲೆ ನಡೆದು ಹೋಗುವಷ್ಟು ಹತ್ತಿರವಿಲ್ಲದಿದ್ದರೆ ವ್ಯಾನು, ವ್ಯಾನು ಬಾರದ ದಿನ ರಜೆ, ಆ ರಜೆ ಹೆಚ್ಚಿನ ಮನೆಗಳಲ್ಲಿ ಅಮ್ಮನ ಲೆಕ್ಕಕ್ಕೆ. ನನ್ನ ಜೊತೆ ಎಂಟೆಕ್ ಮಾಡಿದ ಇಬ್ಬರು ಗೆಳತಿಯರು ಕೆಲಸ ಬಿಟ್ಟದ್ದು ಮಗು ಹುಟ್ಟಿದಾಗಲ್ಲ, ಮಗು ಒಂದನೆಯ ತರಗತಿಗೆ ಸೇರಿದಾಗ. ಶಿಕ್ಷಣ ಹಕ್ಕು ಕಾಯಿದೆಯಡಿ ಖಾಸಗಿ ಶಾಲೆಗಳ 25 ಶೇಕಡಾ ಸೀಟಿಗೂ 1 ಕಿಲೋಮೀಟರ್ ಒಳಗಿನವರಿಗೆ ಮೊದಲ ಆದ್ಯತೆ. ಮಗುವಿಗೆ ದೂರ ಎಷ್ಟು ಮುಖ್ಯ ಎಂಬುದನ್ನು ಕಾನೂನೂ ಅಷ್ಟರಮಟ್ಟಿಗೆ ಒಪ್ಪಿದೆ. ಅತ್ತೆಯವರು ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ಸಾಲಿ ಮನಿ ಹತ್ತರ ಇದ್ರ ಸಾಕವಾ, ಉಳಿದದ್ದು ಹುಡುಗಿ ತಾನ ಕಲೀತಾಳ.” ಪೂರ್ತಿ ಒಪ್ಪುವುದಿಲ್ಲ ನಾನು. ಶಿಕ್ಷಕರು ಪ್ರತಿವರ್ಷ ಬದಲಾಗುವ ಶಾಲೆ ಮನೆಯ ಕೆಳಗೇ ಇದ್ದರೂ ಬೇಡ.

ಡೊಂಬಿವಲಿಯಲ್ಲಿ ಮನೆ ದೊಡ್ಡದು, ಕನ್ನಡಿಗರೂ ಹೆಚ್ಚು. ಆದರೆ ಅಲ್ಲಿಂದ ಬೆಳಿಗ್ಗೆಯ ಲೋಕಲ್ ಹತ್ತುವುದನ್ನು ನಾನು ಎರಡು ವಾರ ಪ್ರಯತ್ನಿಸಿ ನೋಡಿದ್ದೇನೆ, ಸಾಕು. ಮುಲುಂಡ್ ಇಬ್ಬರಿಗೂ ಮಧ್ಯದ ಜಾಗ. ನಮ್ಮ ಸಾಲದ ಮಿತಿಗೆ ಅಲ್ಲಿ ಸಿಕ್ಕ ಮನೆಗಳಿಂದ ಶಾಲೆಗೆ ಹೋಗಲು ಹೆದ್ದಾರಿ ದಾಟಬೇಕು. ಉಳಿದದ್ದು ನೆರೂಳ್. ಠಾಣೆ-ವಾಶಿ ಹಳಿಯ ಮೇಲೆ 2004ರಿಂದ ರೈಲಿದೆ, ನನಗೆ ಐರೋಲಿ ಸುಲಭ. ಯಜಮಾನರು ಹಾರ್ಬರ್ ಲೈನಿನಲ್ಲಿ ಕುರ್ಲಾಕ್ಕೆ ಹೋಗಿ ಬರಬೇಕು. ಅವರಿಗೆ ದಿನಕ್ಕೆ ಅರ್ಧ ಗಂಟೆ ಹೆಚ್ಚು, ಅದನ್ನು ಅವರೇ ಲೆಕ್ಕಹಾಕಿ ಒಪ್ಪಿಕೊಂಡರು. ಮಾಟುಂಗದ ಬಾಡಿಗೆದಾರರು ಕಟ್ಟಿದ ಎಸ್‌ಐಇಎಸ್‌ನ ಇನ್ನೊಂದು ಆವರಣವೂ ನೆರೂಳಿನಲ್ಲೇ ಇದೆ. ನಾವು ನೋಡಿರುವ ಮನೆ 20 ವರ್ಷ ಹಳೆಯದು, ಮೂರನೆಯ ಮಹಡಿ, ಲಿಫ್ಟ್ ಇದೆ. ಶಾಲೆಗೆ ನಡೆದರೆ 7 ನಿಮಿಷ, ನಡುವೆ ಒಂದು ಪಾರ್ಕು. ಅತ್ತೆಯವರ ಜೊತೆ ನಡೆದಾಗ 12. ಕಾಗದಪತ್ರ ವಕೀಲರ ಬಳಿ ಇವೆ. ಅಲ್ಲಿಯ ನೆಲ ಸಿಡ್ಕೊದ 60 ವರ್ಷದ ಲೀಸಿನದು, ಎಷ್ಟು ವರ್ಷ ಉಳಿದಿದೆ ಎಂದು ಅವರು ನೋಡಿ ಹೇಳಬೇಕು.